ಹನ್ನೊಂದು ವರ್ಷದ ಪೆಟ್ಟಿಗೆ

ಭಾರತೀನಗರದ ಬಸ್ ನಿಲ್ದಾಣದ ಪಕ್ಕ ನನ್ನದು ಮೊಬೈಲ್ ರಿಪೇರಿ ಅಂಗಡಿ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಸ್ಕ್ರೂಡ್ರೈವರ್ ಹಿಡಿದ ಮೇಲೆ ಈ ಊರಲ್ಲಿ ನನಗೆ ಪಾಠ ಹೇಳುವವರು ಯಾರೂ ಇಲ್ಲ ಅಂದುಕೊಂಡಿದ್ದೆ. ಹೇಳಲು ಬಂದವರನ್ನು ಕಂಡರೆ ಮೈ ಉರಿಯುತ್ತಿತ್ತು.

ನನಗೊಂದು ಚಾಳಿ. ಸಾಮಾನು ಕೈಗೆ ಬಂದ ತಕ್ಷಣ ತಿರುಗಿಸಿ, ಬೆನ್ನಿನ ಚೀಟಿಯಲ್ಲಿ ತಯಾರಾದ ವರ್ಷ ನೋಡುತ್ತಿದ್ದೆ. ಐದು ವರ್ಷ ದಾಟಿದ್ದರೆ ಬಿಚ್ಚುತ್ತಲೇ ಇರಲಿಲ್ಲ. ಫೋನಾಗಲಿ ಲ್ಯಾಪ್‌ಟಾಪಾಗಲಿ, ಅಷ್ಟು ಹಳೆಯದಕ್ಕೆ ಹೊಸ ಆ್ಯಪು, ಹೊಸ ಆಟ ಯಾವುದೂ ಹತ್ತುವುದಿಲ್ಲ. ರಿಪೇರಿ ಮಾಡಿದರೂ ಗಿರಾಕಿ ಬಂದು ಬೈಯುತ್ತಾನೆ.

ವನಜಕ್ಕ ಟೀವಿಗೆ ಸಿಕ್ಕಿಸಿ ಆಡುವ ಗೇಮಿನ ಪೆಟ್ಟಿಗೆ ತಂದಾಗಲೂ ಹಾಗೇ ಮಾಡಿದೆ. ಕಾಲೇಜಿನ ಹಿಂದಿನ ರೂಮಿನಲ್ಲಿ ಎರಡು ಟೀವಿ, ಎರಡು ಪೆಟ್ಟಿಗೆ ಇಟ್ಟು ಅವಳು ಹುಡುಗರಿಗೆ ಆಟ ಆಡಿಸುತ್ತಾಳೆ. ಒಂದು ಪೆಟ್ಟಿಗೆ ಹತ್ತೇ ನಿಮಿಷಕ್ಕೆ ಕಾದು ಆಫ್ ಆಗುತ್ತಿತ್ತಂತೆ. ಚೀಟಿಯಲ್ಲಿ 2014 ಅಂತಿತ್ತು.

"ಅನ್ನೊಂದು ವರ್ಸದ್ದು ಕಣಕ್ಕ. ಸತ್ತೋಗ್ಯದೆ, ಬುಡು."

"ಒಂದ್ಸಲ ಬಿಚ್ಚಿ ನೋಡ್ಲಾ ಕೆಂಪ. ಇದು ಫೋನಿನಂಗಲ್ಲ."

ಬೆಂಚಿನ ಮೇಲೆ ಕೂತಿದ್ದ ಕಾಲೇಜು ಹುಡುಗರು ನಕ್ಕರು. ಯಾರಿಗೆ ನಕ್ಕರೋ, ಏನೋ. ರಿಪೇರಿ ನೀನು ಮಾಡುತ್ತೀಯೋ ನಾನು ಮಾಡಲೋ ಅಂತ ಎಲ್ಲರೆದುರು ಕೂಗಾಡಿಬಿಟ್ಟೆ. ಅವಳು ಪೆಟ್ಟಿಗೆ ಅಲ್ಲೇ ಬಿಟ್ಟು ಹೋದಳು. ಅದನ್ನು ಗುಜರಿ ಚೀಲಕ್ಕೆ ಎಸೆದೆ.

ಹದಿನೈದು ದಿನ ಕಳೆದು ಸುದ್ದಿ ಬಂತು, ವನಜಕ್ಕ ರೂಮು ಮುಚ್ಚುತ್ತಾಳಂತೆ. ಒಂದೇ ಪೆಟ್ಟಿಗೆ ಮುಂದೆ ಸರದಿ ಕಾದು ಬೇಸತ್ತು ಮುಕ್ಕಾಲು ಪಾಲು ಹುಡುಗರು ಬರುವುದನ್ನೇ ಬಿಟ್ಟಿದ್ದರು. ಮಿಕ್ಕ ಟೀವಿ ನನಗೆ ಕೊಡುತ್ತಾಳೇನೋ ಕೇಳೋಣವೆಂದು ಹೋದೆ. ನಾಚಿಕೆಗೆಟ್ಟವನು.

ಉಳಿದ ಪೆಟ್ಟಿಗೆ ಓಡುತ್ತಿತ್ತು. ಅದೂ ಅದೇ ವರ್ಷದ್ದು, ಎರಡನ್ನೂ ಜೊತೆಗೇ ತಂದಿದ್ದಳು. ಪರದೆಯ ಮೇಲೆ ಈ ವರ್ಷ ಬಂದ ಫುಟ್‌ಬಾಲ್ ಆಟ. ಹೋದ ವರ್ಷ ನಾನೇ ಮಾರಿದ ಲ್ಯಾಪ್‌ಟಾಪಿನಲ್ಲಿ ಅದು ತೆರೆಯುವುದೂ ಇಲ್ಲ. ಹೇಗೆ ಅಂತ ಕೇಳಿಬಿಟ್ಟೆ.

ವನಜಕ್ಕ ನನ್ನ ಮುಖ ನೋಡದೆ ಹೇಳಿದಳು. ಫೋನು, ಲ್ಯಾಪ್‌ಟಾಪು ಮನೆಗೊಂದು ಥರ. ಈ ಪೆಟ್ಟಿಗೆ ಎಲ್ಲರ ಮನೆಯಲ್ಲೂ ಒಂದೇ ಥರ, ವರ್ಷವರ್ಷ ಬದಲಾಗುವುದೂ ಇಲ್ಲ. ಅದರ ತ್ರಾಣ ಎಷ್ಟೆಂದು ಆಟ ಮಾಡುವವರಿಗೆ ಗೊತ್ತು, ಅದಕ್ಕೆ ಹೊಂದುವ ಹಾಗೇ ಮಾಡುತ್ತಾರೆ. ಅಷ್ಟು ಮನೆಯಲ್ಲಿರುವುದನ್ನು ಬಿಟ್ಟರೆ ಅವರ ಆಟ ಕೊಳ್ಳುವವರು ಯಾರು?

ಅವಳ ಅತ್ತೆ ಮರಿತಾಯಮ್ಮ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಆಲೆಮನೆಯಲ್ಲಿ ಬೆಲ್ಲ ಹುಯ್ದು ಬದುಕಿದವಳು.

"ನಮ್ಮ ಆಲೆಮನೇಲಿ ಬೆಲ್ಲದಚ್ಚು ನಮ್ಮಪ್ಪನ ಕಾಲದ್ದು ಕಣ್ಲಾ ಮಗ. ಪಾಕ ವರ್ಸವರ್ಸ ಒಸದು. ಅಚ್ಚು ಅಳೇದಾಯ್ತು ಅಂತ ಯಾರಾರ ಒಲೆಗಾಕ್ತಾರಾ?"

ನಾನು ಹಾಕಿದ್ದೆನಲ್ಲ.

ಟೀವಿ ಮಾತು ಎತ್ತದೆ ಅಂಗಡಿಗೆ ಓಡಿದೆ. ಪುಣ್ಯಕ್ಕೆ ಗುಜರಿಯವನು ಇನ್ನೂ ಬಂದಿರಲಿಲ್ಲ. ಬಿಚ್ಚಿದರೆ ಫ್ಯಾನಿಗೆ ಹತ್ತಿಯಂತೆ ಧೂಳು ಮೆತ್ತಿತ್ತು. ಬ್ರಶ್ಶಿನಲ್ಲಿ ಕೆರೆದು, ಒಳಗಿನ ಚಿಪ್‌ ಮೇಲೆ ಕಾವು ಎಳೆಯುವ ಹೊಸ ಪೇಸ್ಟ್ ಹಚ್ಚಿದೆ. ಅರ್ಧ ಗಂಟೆಯ ಕೆಲಸ. ಎರಡು ಗಂಟೆ ಓಡಿಸಿದರೂ ಆಫ್ ಆಗಲಿಲ್ಲ.

ಬೋರ್ಡು ಹೋಗಿತ್ತು, ಕಷ್ಟಪಟ್ಟು ಸರಿಮಾಡಿದೆ ಅನ್ನೋಣವೆಂದು ದಾರಿಯುದ್ದಕ್ಕೂ ಸುಳ್ಳು ಹೆಣೆದುಕೊಂಡು ಹೋದೆ. ರೂಮಿನಲ್ಲಿ ಅವತ್ತಿನ ಹುಡುಗರೇ ಕೂತಿದ್ದರು.

"ಏನಾಗಿತ್ಲಾ?" ಅಂದಳು ವನಜಕ್ಕ.

"ದೂಳು ಕಣಕ್ಕ. ಅವತ್ತು ನಾನು ಬಿಚ್ಚೇ ಇರ್ಲಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಕೋಪವಾದರೂ ಬರುತ್ತಿತ್ತು. ವನಜಕ್ಕ ಟೀವಿಯ ವೈರನ್ನು ನನ್ನ ಕೈಗೇ ಕೊಟ್ಟು, ನೀನೇ ಆಕು ಅಂದಳು. ಎಲ್ಲರೂ ನೋಡುತ್ತಿದ್ದರು. ದಿನಕ್ಕೆ ನೂರು ಸಲ ಮಾಡುವ ಕೆಲಸ. ಪಿನ್ನು ಎರಡು ಸಲ ತಪ್ಪಿತು.