ಕುಂಕುಮ ಹತ್ತಿದ ಸೀಲು

ಹೂಸ್ಟನ್ನಿನಲ್ಲಿ ಎಣ್ಣೆ ಕಂಪನಿಗಳು ಸಾಲುಗಟ್ಟಿರುವ ಎನರ್ಜಿ ಕಾರಿಡಾರಿನ ಆಫೀಸುಗಳಲ್ಲಿ ಬೇಸಿಗೆಯಲ್ಲೂ ಸ್ವೆಟರ್ ಬೇಕು. ಹೊರಗೆ ಬಿಸಿಲಿಗೆ ನೆತ್ತಿ ಸುಟ್ಟರೆ ಒಳಗೆ ಎ.ಸಿ.ಗೆ ಹಲ್ಲು ಕಟಕಟ ಅನ್ನುತ್ತದೆ. ನಳಿನಿಯ ಆಫೀಸಿನ ಮಹಾಶಯರಲ್ಲಿ ಬಹಳ ಜನ ಕಂಡ ಚಳಿ ಅದೊಂದೇ. ಅವರು ಕಂಡ ಮಂಜುಗಡ್ಡೆ ಐಸ್ ಟೀ ಲೋಟದಲ್ಲಿ ತೇಲುವಂಥದ್ದು. ಆದರೂ ಅಲಾಸ್ಕಾದ ಉತ್ತರಕ್ಕೆ, ಹೆಪ್ಪುಗಟ್ಟಿದ ಕಡಲನ್ನು ಸೀಳಿಕೊಂಡು ಹೋಗುವ ಹಡಗುಗಳ ಹಣೆಬರಹ ಬರೆಯುತ್ತಿದ್ದವರು ಅವರೇ.

ಆ ಕಡಲಿನ ಮಧ್ಯೆ ಎಣ್ಣೆ ತೆಗೆಯುವ ಒಂದು ಪ್ಲಾಟ್‌ಫಾರಂ ಇದೆ, ಅದರ ಮೇಲೆ ನೂರಾ ಹನ್ನೆರಡು ಜನ. ಅವರಿಗೆ ಡೀಸೆಲ್, ಕಬ್ಬಿಣದ ಪೈಪು, ಈರುಳ್ಳಿ, ಎಲ್ಲವನ್ನೂ ಮಂಜುಗಡ್ಡೆ ಒಡೆಯುವ ಎರಡು ಹಡಗುಗಳು ತಲುಪಿಸುತ್ತವೆ. ಒಂದು ಬಂದರಿಗೆ ಹೋದರೆ ಇನ್ನೊಂದು ಪ್ಲಾಟ್‌ಫಾರಮಿನ ಪಕ್ಕದಲ್ಲೇ ಕಾಯುತ್ತದೆ. ಬೆಂಕಿ ಬಿದ್ದರೆ ಇಳಿಯಲು ಬೇರೆ ದಾರಿ ಇಲ್ಲ. ಗಡ್ಡೆ ಕಟ್ಟಿದ ಕಡಲಿನ ಮೇಲೆ ಲೈಫ್‌ಬೋಟ್ ಇಳಿಸಿದರೆ ಅದು ತೇಲುವುದಿಲ್ಲ, ಸುಮ್ಮನೆ ಕೂತಿರುತ್ತದೆ.

ಈ ಚಳಿಗಾಲಕ್ಕೆ ಒಂದೇ ಹಡಗು ಸಾಕು ಎಂದು ಕಂಪನಿ ತೀರ್ಮಾನಿಸಿತ್ತು. ಹಡಗು ಬಂದರಿನಲ್ಲಿದ್ದರೂ ನಾಲ್ಕು ಗಂಟೆಯಲ್ಲಿ ಪ್ಲಾಟ್‌ಫಾರಂ ಸೇರಬಲ್ಲದು ಎಂದು ಲೈಸೆನ್ಸ್ ಇರುವ ಎಂಜಿನಿಯರ್ ಒಬ್ಬರು ಸೀಲು ಹಾಕಿಕೊಡಬೇಕಿತ್ತು. ಆ ಎಂಜಿನಿಯರ್ ನಳಿನಿ. ಅವಳು ಬರೆದಿದ್ದು ಹತ್ತೊಂಬತ್ತು ಗಂಟೆ. ಅವಳ ಬಾಸ್ ಸುಧೀಂದ್ರ ಅದನ್ನು ಚಳಿಗಾಲದ ಒಳ್ಳೆಯ ದಿನಗಳ ಜೊತೆ ಕಲಸಿ, ಸರಾಸರಿ ತೆಗೆದು, ನಾಲ್ಕು ಮಾಡಿದ್ದ.

ಹತ್ತೊಂಬತ್ತನ್ನು ನಳಿನಿ ಕಂಪ್ಯೂಟರಿನಿಂದ ತಂದವಳಲ್ಲ. ಕಳೆದ ಮಾರ್ಚಿನಲ್ಲಿ ಆ ಹಡಗಿನಲ್ಲಿ ಹನ್ನೊಂದು ದಿನ ಇದ್ದಳು. ಬಂದರಿನಿಂದ ವಾಪಸು ಬರುವಾಗ ಗಾಳಿ ತಿರುಗಿ, ಗಡ್ಡೆಗಳು ಒಂದರ ಮೇಲೊಂದು ಏರಿ ಮನೆಯೆತ್ತರದ ದಿಬ್ಬಗಳಾದವು. ಹಡಗಿನ ಮೂತಿ ಅವುಗಳ ಮುಂದೆ ಸೋತಿತು. ಕ್ಯಾಪ್ಟನ್ ಹಡಗನ್ನೇ ತಿರುಗಿಸಿ, ಹಿಂಭಾಗದ ಪ್ರೊಪೆಲ್ಲರುಗಳಿಂದ ಗಡ್ಡೆ ಅಗಿಯುತ್ತಾ, ಬೆನ್ನು ಮುಂದಾಗಿ ಅಡಿ ಅಡಿಯಾಗಿ ಸಾಗಿದ. ಪ್ಲಾಟ್‌ಫಾರಂ ಕಣ್ಣಿಗೆ ಕಾಣುತ್ತಿತ್ತು. ಜನ ಕಂಬಿ ಹಿಡಿದು ನಿಂತು, ಈರುಳ್ಳಿ ತರುವವರು ಇನ್ನೂ ಬರಲಿಲ್ಲವೇ ಎಂದು ತಮಾಷೆಗೆ ಕೈಬೀಸುತ್ತಿದ್ದರು. ಬಂದರು ಬಿಟ್ಟು ಆ ಕೈಬೀಸಿದವರ ಬಳಿ ತಲುಪಲು ಒಟ್ಟು ಹತ್ತೊಂಬತ್ತು ಗಂಟೆ ಹಿಡಿಯಿತು.

ಆಯುಧ ಪೂಜೆಯ ದಿನ ಸಂಜೆ ಸುಧೀಂದ್ರ ನಳಿನಿಯ ಮನೆಗೆ ಊಟಕ್ಕೆ ಬಂದ. ಕರೆದವರು ಅವಳ ಅತ್ತೆ ಶಾರದಮ್ಮ. ಮೈಸೂರಿನಿಂದ ಆರು ತಿಂಗಳಿಗೆಂದು ಬಂದ ಶಾರದಮ್ಮ, ಮನೆ ಮುಂದೆ ಬೂದುಗುಂಬಳಕಾಯಿ ಒಡೆದು, ಕುಂಬಳಕಾಯಿ ಕೆತ್ತುವ ಹ್ಯಾಲೋವೀನ್ ಹಬ್ಬ ಬೇಗ ಬಂತೇ ಎಂದು ಬೀದಿಯವರೆಲ್ಲ ನೋಡುವಂತೆ ಮಾಡಿದ್ದರು. ದೇವರ ಮುಂದೆ ಈಳಿಗೆಮಣೆ, ಕಾರಿನ ಕೀ, ಲ್ಯಾಪ್‌ಟಾಪ್, ಅವುಗಳ ನಡುವೆ ನಳಿನಿಯ ಸೀಲು. ಸ್ಟೇಪ್ಲರಿನಂಥ ಸಣ್ಣ ಯಂತ್ರ, ಒತ್ತಿದರೆ ಕಾಗದದ ಮೇಲೆ ಅವಳ ಹೆಸರು ಉಬ್ಬಿ ಮೂಡುತ್ತದೆ. ಸೊಸೆಯ ಅನ್ನ ಬರುವುದು ಅದರಿಂದ ಎಂದು ಶಾರದಮ್ಮ ಅದಕ್ಕೆ ಧಾರಾಳವಾಗಿ ಕುಂಕುಮ ಹಚ್ಚಿದ್ದರು.

ಸುಧೀಂದ್ರ ಮೂರು ಒಬ್ಬಟ್ಟು ತಿಂದು, ಕೈತೊಳೆದು, ಬ್ಯಾಗಿನಿಂದ ರಿಪೋರ್ಟ್ ತೆಗೆದ.

"ಒಂದು ಸೀಲು ನಳಿನಿ, ಅಷ್ಟೇ. ಸರಾಸರಿ ನಾಲ್ಕು ಗಂಟೆ ಅಂತಾನೇ ಬರೆದಿದೆ. ಸುಳ್ಳೇನಲ್ಲ."

"ಬೆಂಕಿ ಸರಾಸರಿ ನೋಡ್ಕೊಂಡು ಹತ್ಕೊಳಲ್ಲ, ಸುಧೀಂದ್ರ."

ಶಾರದಮ್ಮನಿಗೆ ಹಡಗು ಅರ್ಥವಾಗಲಿಲ್ಲ, ಸೊಸೆಯ ಮುಖ ಅರ್ಥವಾಯಿತು. "ಇವತ್ತು ಅದನ್ನ ಮುಟ್ಟೋ ಹಾಗಿಲ್ಲಪ್ಪಾ. ಪೂಜೆಗಿಟ್ಟಿದೆ," ಎಂದು ಅಡ್ಡ ಬಂದರು.

ಸುಧೀಂದ್ರನೂ ಮೈಸೂರಿನವನೇ. "ಗೊತ್ತಮ್ಮಾ. ನಾಳೆ ವಿಜಯದಶಮಿ ಅಲ್ವಾ? ತೆಗೆದ ತಕ್ಷಣ ಮೊದಲ ಸೀಲು ಇದಕ್ಕೇ ಬೀಳ್ಲಿ, ಒಳ್ಳೇದಾಗುತ್ತೆ," ಎಂದು ನಕ್ಕ. ಆಮೇಲೆ ದನಿ ಇಳಿಸಿದ. "ನಿಮ್ಮ ವೀಸಾ ಕಂಪನಿ ಕೈಯಲ್ಲಿದೆ ನಳಿನಿ. ಕೆಲಸ ಹೋದ್ರೆ ದೇಶ ಬಿಡೋಕೆ ಅರವತ್ತು ದಿನ. ನಿಮ್ಮ ಯಜಮಾನ್ರು ಅನಿರುದ್ಧ್ ಆಸ್ಟಿನ್ನಲ್ಲಿ ಕೆಲಸ ಮಾಡ್ತಿರೋದೂ ನಿಮ್ಮ ವೀಸಾದ ಮೇಲೇ ಅಲ್ವಾ?"

"ಹೌದು. ಆದ್ರೂ ಈ ಕಾಗದಕ್ಕೆ ಇವತ್ತೂ ಇಲ್ಲ, ನಾಳೆನೂ ಇಲ್ಲ."

"ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್. ಅಲ್ಲೀವರೆಗೂ ಯೋಚನೆ ಮಾಡಿ," ಎಂದು ಅವನು ಕಾರು ಹತ್ತಿದ. ಅವನ ಚಕ್ರಕ್ಕೂ ಶಾರದಮ್ಮ ನಿಂಬೆಹಣ್ಣು ಇಟ್ಟಿದ್ದರು, ಅದನ್ನು ಹಿಸುಕಿಕೊಂಡೇ ಹೋದ.

ಒಳಗೆ ಬಂದ ಶಾರದಮ್ಮ ಉಪಾಯ ಹೇಳಿದರು. "ಸೀಲು ಕಳೆದೋಯ್ತು ಅನ್ನು. ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ಈ ಹಾವು ಸಾಯ್ಲೇಬೇಕು ಅತ್ತೆ. ನಾನು ಸುಮ್ನೆ ತಪ್ಪಿಸ್ಕೊಂಡ್ರೆ ಇನ್ಯಾರ ಹತ್ರಾನೋ ಹಾಕಿಸ್ತಾರೆ. ಎರಡನೇ ಹಡಗನ್ನ ತೆಗೆದೇ ಬಿಡ್ತಾರೆ."

ಶಾರದಮ್ಮ ದೇವರ ದೀಪಕ್ಕೆ ಎಣ್ಣೆ ಹಾಕಿದರು. "ಅಲ್ಲಿ ಎಷ್ಟು ಜನ ಇದಾರೆ?"

"ನೂರಾ ಹನ್ನೆರಡು."

"ಹಾಗಾದ್ರೆ ನೆಪ ಬೇಡ. ಏನಂತ ಬರೀಬೇಕೋ ಅದನ್ನೇ ಬರಿ."

ನಳಿನಿ ಆಸ್ಟಿನ್ನಿಗೆ ಫೋನ್ ಮಾಡಿ ಅನಿರುದ್ಧನಿಗೆ ಎಲ್ಲವನ್ನೂ ಹೇಳಿದಳು. ಅರವತ್ತೇ ದಿನವಾ ಎಂದು ಅವನು ಎರಡು ಸಲ ಕೇಳಿದ. ಅವನ ಭಯ ಅವಳಿಗೆ ಕೇಳಿಸಿತು, ಅವಳಿಗೂ ಭಯವೇ ಆಗಿತ್ತು. ಕೊನೆಗೆ, "ಆ ಹಡಗಲ್ಲಿ ಇದ್ದಿದ್ದು ನೀನು, ನಾನಲ್ಲ. ನಿಂಗೆ ಕಂಡಿದ್ದನ್ನ ಹೇಳು," ಎಂದ.

ವಿಜಯದಶಮಿ ಬೆಳಿಗ್ಗೆ ಶಾರದಮ್ಮ ಸೀಲನ್ನು ಎತ್ತಿ ಸೊಸೆಯ ಕೈಗೆ ಕೊಟ್ಟರು. ಹತ್ತು ಗಂಟೆಗೆ ಮೀಟಿಂಗ್ ರೂಮಿನಲ್ಲಿ ಏಳು ಸ್ವೆಟರುಗಳು ಕೂತಿದ್ದವು. ನಳಿನಿ ಬ್ಯಾಗಿನಿಂದ ಸೀಲು ತೆಗೆದದ್ದನ್ನು ಕಂಡು ಸುಧೀಂದ್ರನ ಮುಖ ಅರಳಿತು. ತನ್ನ ರಿಪೋರ್ಟನ್ನು ಅವಳತ್ತ ಸರಿಸಿದ. ಅವಳು ಅದನ್ನು ಹಾಗೇ ಅವನತ್ತ ವಾಪಸು ತಳ್ಳಿ, ತಾನು ಬರೆದಿದ್ದ ಮೊದಲ ರಿಪೋರ್ಟನ್ನು ಮೇಜಿನ ಮೇಲಿಟ್ಟು, ಕೊನೆಯ ಪುಟ ತೆರೆದು, ಎರಡೂ ಕೈಯಿಂದ ಸೀಲು ಒತ್ತಿದಳು.

ಒತ್ತಿದ ಅಕ್ಷರ ಸ್ಕ್ಯಾನಿನಲ್ಲಿ ಕಾಣುವುದಿಲ್ಲ ಎಂದು ಅವಳು ಯಾವಾಗಲೂ ಅದರ ಮೇಲೆ ಪೆನ್ಸಿಲ್ ಉಜ್ಜುತ್ತಿದ್ದಳು. ಇಂದು ಅದು ಬೇಕಾಗಲಿಲ್ಲ. ಕುಂಕುಮ ಅವಳ ಹೆಸರಿನ ಒಂದೊಂದು ಅಕ್ಷರವನ್ನೂ ಕೆಂಪಗೆ ಎತ್ತಿ ತೋರಿಸಿತು.

"ಹತ್ತೊಂಬತ್ತು ಗಂಟೆ" ಎಂದು ಅವಳು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದಳು. ಅಲ್ಲೇ ಸ್ಕ್ಯಾನ್ ಮಾಡಿ, ಕಂಪನಿಗೊಂದು, ಪ್ಲಾಟ್‌ಫಾರಮಿನ ಕೆಲಸಗಾರರ ಸುರಕ್ಷತಾ ಸಮಿತಿಗೊಂದು ಪ್ರತಿ ಕಳಿಸಿದಳು. ಇನ್ನು ಯಾರೇ ನಾಲ್ಕು ಎಂದು ಸೀಲು ಹಾಕಿದರೂ ಆ ನೂರಾ ಹನ್ನೆರಡು ಜನ ಹತ್ತೊಂಬತ್ತನ್ನು ಮುಂದಿಟ್ಟು ಉತ್ತರ ಕೇಳುತ್ತಾರೆ.

ಸುಧೀಂದ್ರ ಕನ್ನಡಕ್ಕೆ ಇಳಿದ. "ಅರವತ್ತು ದಿನ, ನಳಿನಿ. ನೆನಪಿರ್ಲಿ."

"ನೆನಪಿದೆ. ನಂಗೆ ಅರವತ್ತು ದಿನನಾದ್ರೂ ಇದೆ ಸುಧೀಂದ್ರ. ಬೆಂಕಿ ಬಿದ್ರೆ ಅವರಿಗೆ ಹತ್ತೊಂಬತ್ತು ಗಂಟೆನೂ ಇರಲ್ಲ."

ಅವಳು ಸೀಲನ್ನು ಒರೆಸಲಿಲ್ಲ. ಕುಂಕುಮದ ಸಮೇತ ಬ್ಯಾಗಿಗೆ ಹಾಕಿಕೊಂಡು, ಸ್ವೆಟರ್ ಕಳಚಿ ಕುರ್ಚಿಯ ಮೇಲೆ ಬಿಟ್ಟು, ಹೊರಗಿನ ಬಿಸಿಲಿಗೆ ನಡೆದಳು.