ಆರು ತಿಂಗಳ ಸೂಜಿ

ಸಾರಾಯಿ ಅಂಗಡಿಗಳನ್ನು ಸರ್ಕಾರ ಮುಚ್ಚಿಸಿದ ವರ್ಷ ಹುಲ್ಲಹಳ್ಳಿಯ ಪೇಂಟರ್ ಸಿದ್ದು ಬ್ರಾಂದಿಗೆ ತಿರುಗಿಕೊಂಡ. ಹೆಂಡತಿ ದಿವ್ಯ ಅವನನ್ನು ನಂಜನಗೂಡಿನ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಗುಳಿಗೆ ಕೊಟ್ಟರು. ಅದನ್ನು ನುಂಗಿದವನು ಕುಡಿದರೆ ಎದೆ ಹೊಡೆದುಕೊಂಡು, ವಾಂತಿಯಾಗಿ, ಜೀವಕ್ಕೇ ಕುತ್ತು ಬರಬಹುದು. ಸಿದ್ದು ದಿನಾ ಹೆಂಡತಿಯ ಮುಂದೆಯೇ ಬಾಯಿಗೆ ಹಾಕಿಕೊಂಡು, ಹಿತ್ತಲಿಗೆ ಹೋಗಿ ಉಗುಳುತ್ತಿದ್ದ.

ಕೊನೆಗೆ ಡಾಕ್ಟರಿಗೆ ಅವನೇ ಹೇಳಿದ. "ನುಂಗ್ಬೇಕು ಅನ್ನೋನೂ ನಾನೇ ಸಾ, ಉಗಿಯೋನೂ ನಾನೇ. ಒಂದ್ಸಲ ಒಳಕ್ಕೋದ್ರೆ ನಾನೇ ಬೇಕಂದ್ರೂ ಈಚೆಗೆ ಬರ್ಬಾರ್ದು, ಅಂಥದ್ದು ಕೊಡಿ."

"ತಿಂಗಳಿಗೊಂದ್ಸಲ ಹಾಕೋ ಇಂಜೆಕ್ಷನ್ ಅಮೆರಿಕದಲ್ಲಿ ಬಂದಿದೆ. ಕುಡಿಯೋ ಆಸೆ ತಗ್ಗಿಸುತ್ತಂತೆ. ಇಲ್ಲಿ ಸಿಗೋದಿಲ್ಲಪ್ಪ," ಎಂದರು ಡಾಕ್ಟರು.

ಸಿದ್ದುವಿನ ತಲೆಯಲ್ಲಿ ಆ ಇಂಜೆಕ್ಷನ್ನೇ ಕೂತುಬಿಟ್ಟಿತು. ಟಿ. ನರಸೀಪುರದಲ್ಲಿ ಒಬ್ಬ ಹಾಕುತ್ತಾನೆಂದು ಯಾರೋ ಹೇಳಿದ್ದೇ ತಡ, ದಿವ್ಯಳನ್ನು ಎಳೆದುಕೊಂಡು ಹೋದ. ಬೋರ್ಡಿಲ್ಲದ ಕೋಣೆಯಲ್ಲಿ ಆ ಮನುಷ್ಯ ಸೊಂಟಕ್ಕೆ ಸೂಜಿ ಚುಚ್ಚಿ, "ಇನ್ನು ಆರು ತಿಂಗ್ಳು ಒಂದು ತೊಟ್ಟು ಒಳಕ್ಕೋದ್ರೂ ಹೆಣ ಬೀಳ್ತದೆ," ಎಂದ. ಸಿದ್ದು ಅವನ ಕಾಲಿಗೆ ಬಿದ್ದ.

ಕೆಲವು ವಾರ ಮನೆಯಲ್ಲಿ ನಗು ಕೇಳಿತು. ಆಮೇಲೊಂದು ಸಂಜೆ ಸೋಸಲೆಯ ಮಾದಪ್ಪ ಎದುರಾದ. ಅವತ್ತು ಅದೇ ಕೋಣೆಯಲ್ಲಿ ಸೂಜಿ ಹಾಕಿಸಿಕೊಂಡಿದ್ದವನು, ಈಗ ತೂರಾಡುತ್ತಿದ್ದ. "ಬರೀ ನೀರು ಕಣ್ಲಾ ಅದು!" ಎಂದು ನಕ್ಕ.

ಸಿದ್ದು ನೇರ ಮನೆಗೆ ಬಂದು ಎಲ್ಲ ಹೇಳಿದ. "ನನ್ನ ಒಳಗಾಕಿ ಬೀಗ ಜಡಿ ದಿವ್ಯಾ. ಎಷ್ಟು ಕೂಗಿದ್ರೂ ತೆಗೀಬ್ಯಾಡ."

ಅವಳು ಬೀಗ ಹಾಕಿದಳು. ಅವನು ಮೊದಲು ಬೇಡಿಕೊಂಡ, ಆಮೇಲೆ ಅವಳ ಹೆತ್ತವರನ್ನೂ ಸೇರಿಸಿ ಬೈದ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕಿವಿ ಮುಚ್ಚಿಕೊಂಡು ಕೂತಳು. ಸದ್ದು ನಿಂತಿತು. ಬಾಗಿಲು ತೆಗೆದರೆ, ಹೆಂಚು ಸರಿಸಿಕೊಂಡು ಹೋಗಿಬಿಟ್ಟಿದ್ದ.

ನಾಲೆ ಏರಿಯ ಮೇಲೆ ಸಿಕ್ಕಿದ. ಪಕ್ಕದಲ್ಲಿ ಖಾಲಿ ಬಾಟಲಿ. ಬಿಕ್ಕಿಬಿಕ್ಕಿ ಅಳುತ್ತಿದ್ದ.

"ಮಾದಪ್ಪ ಅಂದದ್ದು ಸುಳ್ಳಾಗ್ಲಿ, ಸೂಜಿ ನಿಜ ಆಗ್ಲಿ ಅಂತ ಬೇಡ್ಕೊಂಡೇ ಕುಡ್ದೆ. ಏನೂ ಆಗ್ಲಿಲ್ವಲ್ಲೇ. ಸಾಯ್ಲಿಲ್ವಲ್ಲೇ ನಾನು!"

ದಿವ್ಯ ಮೊದಲ ಬಸ್ಸಿಗೆ ಅವನನ್ನು ಮತ್ತೆ ನಂಜನಗೂಡಿಗೆ ಕರೆತಂದಳು. ಡಾಕ್ಟರು ಅಡ್ಮಿಟ್ ಮಾಡಿಕೊಂಡರು. "ಕುಡಿದದ್ದು ಪೂರ್ತಿ ಇಳಿಯೋ ತನಕ ಗುಳಿಗೆ ಕೊಡೋ ಹಾಗಿಲ್ಲ. ಆಮೇಲೆ ಪುಡಿ ಮಾಡಿ, ನೀರಲ್ಲಿ ಕಲಸಿ, ನಿಮ್ಮ ಕಣ್ಣೆದುರೇ ಕುಡಿಸಿ."

"ಒಲ್ಲೆ ಅಂದ್ರೆ ಸಾ?"

"ಅವರೇ ಒಪ್ಪಿ ಕುಡೀಬೇಕಮ್ಮ. ನನ್ನ ಹತ್ರ ಬೇರೇನೂ ಇಲ್ಲ."

ಸಿದ್ದು ನಿದ್ದೆಯಲ್ಲೂ ಅವಳ ಸೆರಗು ಹಿಡಿದಿದ್ದ. ನೀರು ತರಲು ಏಳಬೇಕಿತ್ತು. ಬಿಡಿಸಿಕೊಂಡರೆ ಎಚ್ಚರವಾಗಿ ಮತ್ತೆ ಎದ್ದು ಹೋದಾನೆಂದು ಹೆದರಿ ದಿವ್ಯ ಹಾಗೇ ಕೂತಿದ್ದಳು.