ಮೆಟ್ಟಿಲು ಮಾವ

ಲಿಫ್ಟುಗಳಿಗೆ ಪ್ರೋಗ್ರಾಂ ಬರೆದು ಬರೆದೇ ತಲೆ ನರೆಸಿಕೊಂಡ ಈ ಮನುಷ್ಯ, ಎಷ್ಟನೆಯ ಮಹಡಿಗಾದರೂ ಸರಿ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದರು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಬೇಸಿಗೆಯಲ್ಲೂ ಕಳಚದ ಕಂದು ಕೋಟಿನ ಜೇಬಿನಲ್ಲಿ. ಪ್ರತಿ ಮಹಡಿಯಲ್ಲೂ ನಿಂತು, ಲಿಫ್ಟಿನ ಬಾಗಿಲಿಗೆ ಕಿವಿಯಾನಿಸಿ, ‘ಹ್ಞೂಂ’ ಎಂದು ಮುಂದಕ್ಕೆ ಸಾಗುವರು. ತಂಗಿಯ ಮಗಳು ಚಿಕ್ಕಂದಿನಲ್ಲಿ ಇಟ್ಟ ‘ಮೆಟ್ಟಿಲು ಮಾವ’ ಎಂಬ ಹೆಸರೇ ಕಂಪನಿಯಲ್ಲೂ ನಿಂತುಬಿಟ್ಟಿತು.

ಆ ಹುಡುಗಿಯೇ ಈಗ ಅವರ ಶಿಷ್ಯೆ. ಯಾವಾಗ ಏರಬೇಕು, ಎಲ್ಲಿ ನಿಲ್ಲಬೇಕು ಎಂದು ಲಿಫ್ಟಿಗೆ ತಿಳಿಸುವ ಆ ಭಾಷೆ ಒಂದೇ ತಿಂಗಳಲ್ಲಿ ಅವಳಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಆದರೆ ಒಬ್ಬಳೇ ಕೆಲಸಕ್ಕೆ ಹೋಗಲು ಮಾವನ ಒಪ್ಪಿಗೆ ಬೇಕು; ಮಾವನದೋ ಎಂದಿನ ರಾಗ.

"ಇನ್ನೂ ಎಷ್ಟು ದಿನ ಕಲೀಬೇಕು ಮಾವ?"

"ಅಕ್ಷರ ಬಂತು ಕಣಮ್ಮ. ಭಾಷೆ ಇನ್ನೂ ಬಂದಿಲ್ಲ."

ಅರವತ್ತಕ್ಕೆ ಅರಳು ಮರಳು ಎಂದು ಅವಳು ಒಳಗೊಳಗೇ ಸಿಡುಕಿದಳು.

ಮಾವನದೊಂದು ನೇಮವಿತ್ತು: ಪ್ರೋಗ್ರಾಂ ಬರೆದವರೇ ಆ ಲಿಫ್ಟನ್ನು ಮೊದಲು, ಅದೂ ಒಬ್ಬರೇ, ಹತ್ತಬೇಕು. ತಾವು ಬರೆದ ಲಿಫ್ಟು ಮೊದಲು ಓಡುವ ದಿನ ಮಾತ್ರ ಅವರು, ತುಟಿ ಒಣಗಿ, ಕೋಟೆಲ್ಲ ಬೆವರಲ್ಲಿ ತೊಯ್ದು, ಒಬ್ಬರೇ ಅದರಲ್ಲಿ ಮೇಲೆ ಹೋಗಿ ಬರುವರು.

ಆಸ್ಪತ್ರೆಯ ಲಿಫ್ಟಿಗೆ ಅವಳೊಬ್ಬಳೇ ಬರೆದ ದಿನ ಮಾತ್ರ ಆ ನೇಮ ಮುರಿಯಿತು. ಅವಳು ಒಳಗೆ ಹೋಗುತ್ತಲೇ ಮಾವನೂ ಹಿಂದೆ ಬಂದು, ಒಂದು ಕಾಲು ಹೊಸ್ತಿಲ ಮೇಲಿರುವಾಗಲೇ ಅವಳ ತೋಳು ಹಿಡಿದುಕೊಂಡರು.

"ನೀವ್ಯಾಕೆ ಮಾವ?"

"ಏನಾದ್ರೂ ಆದ್ರೆ ನಿಮ್ಮಮ್ಮನಿಗೆ ಯಾವ ಮುಖ ತೋರಿಸ್ಲಿ?"

ಅವಳ ಬೆರಳು ಗುಂಡಿಯ ಮೇಲೆಯೇ ನಿಂತಿತು. ಮೊದಲ ಬಾರಿಗೆ ಅವಳಿಗೆ ಹೆದರಿಕೆಯಾಯಿತು. "ಇಳೀರಿ ಮಾವ. ಇನ್ನೊಂದ್ಸಲ ನೋಡ್ತೀನಿ."

ನೋಡಿದಳು. ಬೆಳಗ್ಗೆ ಪರೀಕ್ಷೆಗೆಂದು, ‘ಬಾಗಿಲು ತೆರೆದಿದ್ದರೂ ಮುಚ್ಚಿದೆಯೆಂದೇ ತಿಳಿ’ ಎಂದು ಲಿಫ್ಟಿಗೆ ಹೇಳಿದ ಸಾಲು ಅಳಿಸದೆ ಹಾಗೇ ಉಳಿದಿತ್ತು. ಗುಂಡಿ ಒತ್ತಿದ್ದರೆ, ಹೊಸ್ತಿಲ ಮೇಲೆ ಮಾವನ ಕಾಲು ಇರುವಾಗಲೇ ಲಿಫ್ಟು ಮೇಲೇಳುತ್ತಿತ್ತು. ಅವಳು ಮಾವನತ್ತ ತಿರುಗಿದಳು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿದ್ದಿದ್ರೆ ಹತ್ತುತ್ತಿದ್ನಾ, ಹುಚ್ಚಿ! ಭಯ ಆಯ್ತು, ಅಷ್ಟೆ." ಮಾವ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು. "ನಿನಗೂ ಭಯ ಆಯ್ತಲ್ಲ, ಈಗ ಭಾಷೆ ಬಂತು. ನಾಳೆಯಿಂದ ನೀನೊಬ್ಬಳೇ ಹೋಗು."

ಸಾಲು ಅಳಿಸಿ, ಮತ್ತೆ ಮತ್ತೆ ನೋಡಿ, ಆಮೇಲೆ ಅವಳೇ ಮೊದಲು ಹತ್ತಿ ಬಂದಳು. ಮನೆಗೆ ಹೊರಟಾಗ ಇಬ್ಬರೂ ಮೆಟ್ಟಿಲಿನಿಂದಲೇ ಇಳಿದರು.

ಇಂಥವರು ಲೋಕದಲ್ಲಿ ಅಲ್ಲಲ್ಲಿ ಇರುತ್ತಾರೆ. ನಾವು ಗುಂಡಿ ಒತ್ತಿ, ಕನ್ನಡಿ ನೋಡಿ ತಲೆ ತೀಡಿಕೊಳ್ಳುತ್ತ ನಿಶ್ಚಿಂತೆಯಿಂದ ಏರಿಳಿಯುತ್ತೇವೆ. ನಮ್ಮ ಪಾಲಿನ ಭಯವನ್ನೂ ಅವರೇ ಪಟ್ಟು ಮುಗಿಸಿರುತ್ತಾರೆ.